ಮದುವೆಯ ಪೆಟ್ಟಿಗೆ

"ಈ ಪೆಟ್ಟಿಗೆ ಯಾವಾಗ ತೆಗೀತೀರಿ ಅಂಕಲ್?" ಎಂದು ಬಾಡಿಗೆಗೆ ವೈನು ಕಾಪಿಡುವ ಗೋದಾಮಿನ ಮ್ಯಾನೇಜರ್ ಡೆಸ್ಮಂಡ್ ಕೇಳಿದ. ಬೇಗ ಕುಡಿಯುವ ವೈನಾದರೆ ಬಾಗಿಲ ಹತ್ತಿರದ ಕಪಾಟು, ವರ್ಷಗಟ್ಟಲೆ ಇಡುವುದಾದರೆ ಒಳಕೋಣೆ. ಅದಕ್ಕೇ ಕೇಳಿದ್ದ, ಪಾಪ.

"ಮಗಳ ಮದುವೆಗೆ," ಎಂದರು ಶೆನ್.

ಡೆಸ್ಮಂಡ್ ಪಕ್ಕದಲ್ಲಿ ನಿಂತಿದ್ದ ಯುನ್‌ಳನ್ನು ನೋಡಿದ, ಅವಳ ನರೆಗೂದಲನ್ನೂ ನೋಡಿದ. "ಓ, ಇವರ ತಂಗಿಗಾ?"

"ತಂಗಿಯೆಲ್ಲಿಂದ ಬಂದಳು? ನನಗಿರೋದು ಇವಳೊಬ್ಬಳೇ."

ಯುನ್‌ಗೆ ಐವತ್ತೊಂದು ವರ್ಷ. ಅವತ್ತು ಬಾಟಲಿಗಳನ್ನೆಲ್ಲ ವ್ಯಾನಿಗೆ ತುಂಬಿ, ಅಪ್ಪನನ್ನು ಕೂರಿಸಿಕೊಂಡು ಅವಳು ಸುತ್ತಿದ ಮೂರನೆಯ ಗೋದಾಮು ಇದು. ಮೊದಲನೆಯದರ ಪಕ್ಕದಲ್ಲೇ ರೈಲು ಓಡುತ್ತದೆ, ಬಾಟಲಿಗಳ ನಿದ್ದೆ ಕೆಡುತ್ತದೆ ಅಂದಿದ್ದರು ಶೆನ್. ಎರಡನೆಯದರ ಕೆಳಮಹಡಿಯಲ್ಲಿ ಡುರಿಯನ್ ಹಣ್ಣಿನ ದಾಸ್ತಾನು. ಆ ನಾತ ಕಾರ್ಕ್ ದಾಟಿ ಒಳಗಿಳಿಯುತ್ತದಂತೆ. ಇಲ್ಲಿಗೆ ಬಂದಮೇಲೂ ಗೋಡೆಗೆ ಅಂಗೈ ಒತ್ತಿ ನಡುಕ ಇದೆಯೇ ಎಂದು ನೋಡಿದರು, ದೀಪ ಆರಿಸಿ ಹಾಕಿಸಿದರು, ಕರೆಂಟು ಹೋದರೆ ಏನು ಗತಿ ಎಂದು ವಿಚಾರಿಸಿದರು. ಜೀವಮಾನವಿಡೀ ಸೂಟು ಹೊಲಿದ ದರ್ಜಿ ಅವರು. ಗಿರಾಕಿಗಳಾಗಿದ್ದ ಹಡಗಿನ ಕಪ್ತಾನರೂ ಬ್ಯಾಂಕಿನ ಸಾಹೇಬರೂ ಪ್ರೀತಿಯಿಂದ ಕೊಟ್ಟ ಬಾಟಲಿಗಳು ರಾಶಿ ರಾಶಿಯಾಗಿದ್ದವು. ಅಂಗಡಿಯ ಮೇಲಿನ ಹಳೇ ಮನೆ ಬಿಟ್ಟು ಪುಟ್ಟ ಫ್ಲ್ಯಾಟಿಗೆ ಬಂದಾಗಿನಿಂದ ಅವೆಲ್ಲ ಯುನ್‌ಳ ಕೋಣೆಯಲ್ಲೇ, ಅವಳ ಮಂಚದ ಸುತ್ತ. ಸಿಂಗಪುರದ ಸೆಕೆ ಅವುಗಳಿಗೆ ತಾಗಬಾರದೆಂದು ಹಗಲೂ ರಾತ್ರಿ ಎ.ಸಿ. ಓಡುತ್ತಿತ್ತು. ಅವಳು ಎರಡು ಕಂಬಳಿ ಹೊದ್ದು, ಮೂಗು ಕಟ್ಟಿಕೊಂಡು ಮಲಗುತ್ತಿದ್ದಳು. ನಿನಗೆ ಚಳಿಯೇನೇ ಎಂದು ಆ ಮನುಷ್ಯ ಒಂದು ದಿನವೂ ಕೇಳಿದ್ದಿಲ್ಲ.

ಈ ಪೆಟ್ಟಿಗೆಯ ಕಥೆಯೇ ಬೇರೆ. ಶೆನ್‌ರ ಹಿರಿಯರ ಊರಾದ ಚೀನಾದ ಶಾವ್‌ಶಿಂಗ್‌ನಲ್ಲಿ ಹೆಣ್ಣು ಹುಟ್ಟಿದರೆ ಅಕ್ಕಿಮದ್ಯದ ಹೂಜಿಯನ್ನು ಅಂಗಳದಲ್ಲಿ ಹೂಳುತ್ತಿದ್ದರು. ಅವಳ ಮದುವೆಯ ದಿನ ಅಗೆದು ತೆಗೆಯುತ್ತಿದ್ದರು. ಮದುವೆಗೆ ಮುಂಚೆ ಸತ್ತರೆ, ಸತ್ತ ದಿನ. ಅಂಗಳವೇ ಇಲ್ಲದ ಈ ಊರಲ್ಲಿ ಹೂಳುವುದೆಲ್ಲಿ? ಯುನ್ ಹುಟ್ಟಿದಾಗ ಶೆನ್ ಹನ್ನೆರಡು ಬಾಟಲಿ ಫ್ರೆಂಚ್ ವೈನು ಕೊಂಡು, ಮರದ ಪೆಟ್ಟಿಗೆಗೆ ಕೆಂಪು ರಿಬ್ಬನ್ ಕಟ್ಟಿಟ್ಟರು.

ಆ ರಿಬ್ಬನ್ ಬಿಚ್ಚುವ ಕಾಲ ಒಮ್ಮೆ ಬಂದೂ ಇತ್ತು. ಅಂಗಡಿಗೆ ಲೈನಿಂಗ್ ಬಟ್ಟೆ ತಂದುಕೊಡುತ್ತಿದ್ದ ತಮಿಳರ ಅರುಳ್, ಯುನ್‌ಳನ್ನು ಮದುವೆ ಮಾಡಿಕೊಡಿ ಎಂದು ಶೆನ್‌ರ ಮುಂದೆ ಬಂದು ನಿಂತಿದ್ದ. ಶೆನ್ ಟೇಪು ಸುತ್ತಿಡುತ್ತ, ಆ ಮದುವೆಗೆ ಈ ಪೆಟ್ಟಿಗೆ ತೆಗೆಯುವುದಿಲ್ಲ ಎಂದರು. ಅಷ್ಟೇ. ಯುನ್ ಹೊಲಿಗೆ ಯಂತ್ರದ ಮುಂದೆ ಹೋಗಿ ಕೂತಳು. ಅಂಗಡಿ ಅವಳ ತಲೆಗೆ ಬಂತು, ಅಪ್ಪನೂ ಬಂದರು. ಇಷ್ಟೆಲ್ಲ ಮಾಡಿದ ಮೇಲೆ ಈಗ ಕಂಡವರ ಮುಂದೆ ಮಗಳ ಮದುವೆಗೆ ಅನ್ನುತ್ತಾರೆ.

"ಹಾಗಾದ್ರೆ ಎಷ್ಟು ವರ್ಷ ಅಂತ ಬರ್ಕೊಳ್ಳಲಿ?" ಡೆಸ್ಮಂಡ್ ನೆಲ ನೋಡುತ್ತ ಕೇಳಿದ.

"ಹತ್ತು ಅಂತ ಬರ್ಕೋ. ಒಳ್ಳೆ ಗಂಡು ಸಿಗೋಕೆ ಟೈಮ್ ಬೇಕಲ್ಲ."

ಯುನ್‌ಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ದನಿ ಮಾತ್ರ ಏರಲಿಲ್ಲ.

"ಅಪ್ಪ, ಇದನ್ನ ತೆಗೆಯೋಕೆ ಎರಡೇ ದಿನ ಇರೋದು ಅಂತ ನೀವೇ ಹೇಳ್ಕೊಂಡು ಬಂದ್ರಿ. ಮದುವೆ ದಿನ, ಇಲ್ಲ ಸತ್ತ ದಿನ. ಮದುವೆಗೆ ಅಡ್ಡ ನಿಂತೋರು ನೀವು. ಈಗ ಯಾವುದಕ್ಕೆ ಕಾಯ್ತಿದ್ದೀರಿ?"

"ಬಿಡ್ತು ಅನ್ನು. ಹೊರಗಿನವರ ಮುಂದೆ ಆಡೋ ಮಾತಾ ಇದು?"

"ಹೊರಗಿನವರ ಮುಂದೆ ನನ್ನ ಮದುವೆ ಸುದ್ದಿ ತೆಗೆದೋರು ಯಾರು?"

ಶೆನ್ ಡೆಸ್ಮಂಡ್‌ನತ್ತ ತಿರುಗಿ, ಒಳಕೋಣೆಯ ತಂಪು ಏರುಪೇರಾಗುವುದಿಲ್ಲ ತಾನೇ ಎಂದು ಇನ್ನೊಮ್ಮೆ ಕೇಳಿದರು. ಯುನ್ ಬಗ್ಗಿ ಪೆಟ್ಟಿಗೆಯನ್ನು ಎತ್ತಿಕೊಂಡಳು. ಬಟ್ಟೆಯ ಥಾನುಗಳನ್ನು ಹೊತ್ತು ಹೊತ್ತು ಗಟ್ಟಿಯಾದ ತೋಳು ಅವಳದು. ಉಳಿದದ್ದನ್ನೆಲ್ಲ ಒಳಗಿಡಿ, ಇದೊಂದು ಬೇಡ ಎಂದು ಡೆಸ್ಮಂಡ್‌ಗೆ ಹೇಳಿದಳು.

"ಅದನ್ನ ಎಲ್ಲಿಗೆ ತಗೊಂಡ್ಹೋಗ್ತಿದ್ದೀಯ?" ಶೆನ್ ಹಿಂದೆಯೇ ಬಂದರು.

"ಮದುವೆಗೆ. ಭಾನುವಾರ ಅರುಳ್ ಮಗಳ ಮದುವೆ. ಅಂಗಡಿಗೆ ಅವನೇ ಬಂದು ಕರೆದು ಹೋದ, ನೀವೂ ಅಲ್ಲೇ ಇದ್ರಿ. ಹೋಗೋದು ಬೇಡ ಅಂತಿದ್ದೆ. ಈಗ ಹೋಗ್ತೀನಿ, ಇದನ್ನ ಆ ಹುಡುಗಿ ಕೈಗೆ ಕೊಟ್ಟು ಬರ್ತೀನಿ."

"ಅದು ನಿನ್ನದು ಕಣೇ."

"ನನ್ನದೇ. ಅದಕ್ಕೇ ಕೊಡ್ತಿರೋದು."

ಅಂಗಡಿಯ ವ್ಯಾನಿನ ಹಿಂಬದಿಗೆ ಪೆಟ್ಟಿಗೆ ಇಟ್ಟು ಅವಳು ಸ್ಟಿಯರಿಂಗ್ ಹಿಡಿದಳು. ಬೇರೆ ದಾರಿಯಿಲ್ಲದೆ ಶೆನ್‌ ಕೂಡ ಹತ್ತಿ ಕೂತರು. ಲಾರಿಗಳು ಓಡಾಡುವ ಆ ರಸ್ತೆಯ ತುಂಬ ವೇಗ ತಗ್ಗಿಸುವ ಹಂಪುಗಳು. ಬರುವಾಗ ಅಪ್ಪನ ಮಾತಿಗೆ ಒಂದೊಂದನ್ನೂ ಆಮೆಯ ಹಾಗೆ ದಾಟಿಸಿದ್ದಳು.

"ನಿಧಾನ ಯುನ್, ಅಲುಗಾಡ್ತದೆ," ಎಂದರು ಶೆನ್.

ಅವಳು ಆಕ್ಸಿಲರೇಟರ್ ಒತ್ತಿದಳು. ಮೊದಲ ಹಂಪು ಹಾರಿದಾಗ ಹನ್ನೆರಡು ಬಾಟಲಿಗಳೂ ಒಟ್ಟಿಗೆ ಸದ್ದು ಮಾಡಿದವು. ಅವುಗಳ ದನಿಯನ್ನು ಅವಳು ಕೇಳಿದ್ದು ಅದೇ ಮೊದಲು.