ಸ್ಕ್ವಾಬಲ್ ಅಲ್ಲರಿ, ಮೇಡಂ

"ಇದನ್ನ ನಾ ಬರಿಯಂಗಿಲ್ಲರಿ, ಮೇಡಂ." ಸ್ಕೆಚ್ ಪೆನ್ನಿಗೆ ಮುಚ್ಚಳ ಹಾಕಿ ಸಹನಾ ಎದ್ದು ನಿಂತಳು.

ಹನುಮಸಾಗರದಾಚೆಯ ಆ ಊರಿನ ಒಂಬತ್ತನೆಯ ತರಗತಿಯಲ್ಲಿ ಅಕ್ಷರ ಮುತ್ತಿನಂತೆ ಬರೆಯುವವಳು ಅವಳೊಬ್ಬಳೇ. ಹಾಗಾಗಿ ಚಾರ್ಟ್ ಬರೆಯುವ ಕೆಲಸ ಯಾವಾಗಲೂ ಅವಳ ಕೊರಳಿಗೆ. ಸಣ್ಣಪುಟ್ಟ ಜಗಳಕ್ಕೆ ಇಂಗ್ಲಿಷಿನಲ್ಲಿ ಏನೇನು ಹೆಸರಿವೆ ಎಂದು ನೇತ್ರಾವತಿ ಮೇಡಂ ಅಂದು ಪಾಠ ಮಾಡಿದ್ದರು. ಬೇಕಾದವರ ನಡುವಿನ ಮುನಿಸು ಟಿಫ್. ದಿನ ಬೆಳಗಾದರೆ ಅದೇ ಕಿರಿಕಿರಿ ಅಂದರೆ ಬಿಕರಿಂಗ್. ಎಳ್ಳಷ್ಟು ಕಾರಣಕ್ಕೆ ಇಬ್ಬರೂ ಸೇರಿ ಗದ್ದಲ ಎಬ್ಬಿಸಿದರೆ ಸ್ಕ್ವಾಬಲ್. ಒಂದೊಂದಕ್ಕೂ ನಿಮ್ಮೂರಿನದೇ ಜಗಳ ಹೇಳಿ, ಹೆಸರು ಸಮೇತ ಬರೆದು ವರಾಂಡದಲ್ಲಿ ತೂಗುಹಾಕೋಣ ಅಂದಿದ್ದರು. ಜಗಳಕ್ಕೇನು ಬರವೇ? ತನ್ನ ಅಪ್ಪ ಅವ್ವ ಸಾರಿನ ಉಪ್ಪಿಗಾಗಿ ಮಾತು ಬಿಟ್ಟದ್ದನ್ನು ಯಮನೂರ ಎಂಬ ಹುಡುಗ ಟಿಫ್‌ಗೆ ಕೊಟ್ಟ. ಕಟ್ಟೆಯ ಮೇಲಿನ ಮುದುಕರ ಸುಣ್ಣದ ಡಬ್ಬಿಯ ತಕರಾರು ಬಿಕರಿಂಗ್‌ಗೆ ಹೋಯಿತು. ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಹನಾಳೂ ನಕ್ಕಳು, ನಗುನಗುತ್ತಲೇ ಬರೆದಳು.

ಆಮೇಲೆ ಮುಂದಿನ ಬೆಂಚಿನ ರಂಜಿತಾ ಹೇಳಿದಳು: "ಇವತ್ತ ಮುಂಜಾನೆ ನಳದ ಹತ್ರ ನಮ್ಮವ್ವ ಮಹೇಶ್ವರಿ, ಮತ್ತ ಆ ಮಾರೆವ್ವ, ಇಬ್ರೂ ಸ್ಕ್ವಾಬಲ್ ಮಾಡಿದ್ರು ಅಂತ ಬರೀರಿ." ಮಾರೆವ್ವ ಅಂದರೆ ಸಹನಾಳ ಅಜ್ಜಿ.

"ಯಾಕವಾ, ಸ್ಪೆಲಿಂಗ್ ಬರಂಗಿಲ್ಲೇನು?" ಮೇಡಂ ಕೇಳಿದರು.

"ಬರ್ತೈತ್ರಿ. ಆದ್ರ ಅದು ಸ್ಕ್ವಾಬಲ್ ಅಲ್ಲರಿ. ನಮ್ಮಜ್ಜಿ ಬಾಯೇ ತಗೀಲಿಲ್ಲ."

ಅಲ್ಲಿ ನಳದ ಮುಂದೆ ಪಾಳಿ ಹಚ್ಚಿ ಸಾಲು ನಿಲ್ಲುವುದು ಮನುಷ್ಯರಲ್ಲ, ಕೊಡಗಳು. ಕೊಡ ಇಟ್ಟು ಹೊಲಕ್ಕೆ ಹೋಗಿ ಬಂದರೂ ನಿಮ್ಮ ಜಾಗ ನಿಮ್ಮದೇ. ಈ ನ್ಯಾಯ ಕೆಳಗಿನ ಓಣಿಯ ಕೊಡಗಳಿಗೆ ಮಾತ್ರ ಇಲ್ಲ. ಅವು ಎಷ್ಟು ನಸುಕಿನಲ್ಲಿ ಬಂದು ನಿಂತರೂ ತುಂಬುವುದು ಮೇಲಿನ ಓಣಿಯವರದೆಲ್ಲ ತುಂಬಿದ ಮೇಲೆ. ಅಂದು ಮುಂಜಾನೆ ಎಲ್ಲರಿಗಿಂತ ಮುಂದಿದ್ದ, ಕೆಳಗಿನ ಓಣಿಯ ಮಾರೆವ್ವನ ಕೊಡ ಉರುಳಿ ಗಟಾರಕ್ಕೆ ಬಿದ್ದದ್ದನ್ನು ಸಹನಾ ಕಣ್ಣಾರೆ ಕಂಡಿದ್ದಳು. ಅಜ್ಜಿ ಅದನ್ನೆತ್ತಿ ಸೆರಗಿನಿಂದ ಒರೆಸಿ, ತುಟಿ ಪಿಟಕ್ಕೆನ್ನದೆ ಕಟ್ಟಕಡೆಗೆ ಹೋಗಿ ನಿಂತಳು.

ನೇತ್ರಾವತಿ ಮೇಡಂ ಗಡಿಯಾರ ನೋಡಿದರು. ನಾಳೆ ಸಾಹೇಬರು ಶಾಲೆ ನೋಡಲು ಬರುವವರಿದ್ದರು, ಅಷ್ಟರೊಳಗೆ ಚಾರ್ಟ್ ಗೋಡೆಗೇರಬೇಕು. "ಸಣ್ಣ ವಿಷಯಕ್ಕ ಹಟ ಹಿಡೀಬಾರ್ದು. ಕುಂದ್ರು, ಬರಿ."

ಸಹನಾ ಜಪ್ಪಯ್ಯ ಅನ್ನಲಿಲ್ಲ. ಅಜ್ಜಿ ಇದೇ ವರಾಂಡದಲ್ಲಿ ಕಸ ಹೊಡೆಯಲು ಬರುತ್ತಾಳೆ. ಓದಲು ಬಾರದು, ಇದೇನೆಂದು ಯಾರನ್ನಾದರೂ ಕೇಳುತ್ತಾಳೆ. ನೀನೂ ಜಗಳಗಂಟಿ ಅಂತ ಬರೆದಿದೆ, ಬರೆದವಳು ನಿನ್ನ ಮೊಮ್ಮಗಳು ಎಂದು ಅವರು ಹೇಳಬೇಕೇ? "ನೀವ ಹೇಳಿದ್ರಲ್ರಿ ಮೇಡಂ, ಸ್ಕ್ವಾಬಲ್ ಅಂದ್ರ ಇಬ್ರೂ ಗದ್ಲ ಮಾಡಬೇಕು ಅಂತ. ನಮ್ಮಜ್ಜಿ ಏನಂದ್ಲು, ರಂಜಿತಾನ್ನ ಕೇಳ್ರಿ."

ಮೇಡಂ ರಂಜಿತಾಳತ್ತ ತಿರುಗಿದರು.

"ಆಕಿ ಏನೂ ಅನ್ನಲಿಲ್ಲರಿ."

"ಮತ್ತ ನಿಮ್ಮವ್ವ?"

"ಕೆಳಗಿನ ಓಣ್ಯಾವ್ರು ಆಮ್ಯಾಲ ಬರ್ರಿ ಅಂತ ಬೈದು ಕೊಡ ಸರಸಿದ್ಲು. ಕಾಲಿಲೆ."

"ಕಾಲಿಲೆ ಯಾಕ?"

"ಕೈಲೆ ಮುಟ್ಟಂಗಿಲ್ಲಲ್ರಿ," ಅಂದಳು ರಂಜಿತಾ. ಹುಡುಗಿಯ ಮನಸ್ಸಿನಲ್ಲಿ ಕಪಟವಿರಲಿಲ್ಲ. ಮನೆಯಲ್ಲಿ ಕಲಿತದ್ದನ್ನು ಹೇಳಿದಳು, ಅಷ್ಟೇ.

ಮೇಡಂಗೆ ನಾಚಿಕೆಯಾಯಿತು. ಇಡೀ ಬೆಳಗಿನ ಪಾಠ ಬಾಯಲ್ಲಿ ಕಹಿಯಾದಂತಾಯಿತು. "ನೀ ಏನು ನೋಡಿದಿ, ಅದನ್ನ ಬರಿ," ಅಂದರು.

"ಒದ್ಯೂದಕ್ಕ ಕಿಕ್ ಅಂತಾರಲ್ರಿ?"

"ಹೂಂ, ಅದ."

ಸಹನಾ ಚಾರ್ಟಿನ ಮುಂದೆ ಮೊಣಕಾಲೂರಿ ಕುಳಿತಳು. ಮಹೇಶ್ವರಿ ಮಾರೆವ್ವನ ಕೊಡಕ್ಕೆ ಒದ್ದಳು ಎಂದು ಇಂಗ್ಲಿಷಿನಲ್ಲಿ, ಉಳಿದ ಸಾಲುಗಳಷ್ಟೇ ಅಂದವಾಗಿ ಬರೆದಳು.

ಓದಿದ್ದೇ ತಡ, ರಂಜಿತಾ ಬೆಂಚು ಬಿಟ್ಟು ಓಡಿ ಬಂದಳು. ಈಗಷ್ಟೇ ಅವ್ವನ ಹೆಸರನ್ನು ತಾನೇ ಹೇಳಿ ಬರೆಸಲು ಹೊರಟಿದ್ದವಳು. "ಬ್ಯಾಡ್ರಿ ಮೇಡಂ, ನಮ್ಮವ್ವನ ಹೆಸರು ಗ್ವಾಡಿ ಮ್ಯಾಲೆ ಬ್ಯಾಡ್ರಿ. ಸಾಲಿಗೆ ಬಂದವರೆಲ್ಲಾ ಓದ್ತಾರ." ಅವಳ ಕಣ್ಣಲ್ಲಿ ನೀರು ತುಂಬಿತ್ತು.

ಮೇಡಂ ಸಹನಾಳ ಮುಖ ನೋಡಿದರು. ರಂಜಿತಾಳ ಅಳು ಕಂಡು ಸಹನಾಳಿಗೂ ಕರುಳು ಚುರಕ್ಕೆಂದಿತು. ಆದರೂ ಅವಳು ಸೋಲಲಿಲ್ಲ.

"ಆತು, ಈ ಹಾಳಿ ತಗೀತೀನಿ," ಅಂದಳು. "ಆದ್ರ ಮೊದಲ ನಾಳೆ ನಿಮ್ಮವ್ವ ಎಲ್ಲಾರ ಮುಂದ ನಮ್ಮಜ್ಜಿ ಕೊಡಾ ಕೈಲೆ ಎತ್ತಿ ಪಾಳ್ಯಾಗ ಇಡ್ಲಿ. ಹೊಸಾ ಹಾಳಿ ತಂದು ಅದನ್ನ ಬರೀತೀನಿ. ನಿಮ್ಮವ್ವನ ಹೆಸರು ಇನ್ನೂ ದೊಡ್ಡದು ಬರೀತೀನಿ."