ಎರಡನೇ ಕೀಲಿ

ಹೊಸ ಹುಡುಗಿಯ ಕೊರಳಲ್ಲಿ ತನ್ನ ಗೆಳತಿ ಕುಳ್ಳಿಯ ಪೆಟ್ಟಿಗೆಯ ಕೀಲಿ ಕಂಡದ್ದೇ ತಡ, ಎಲ್ಲರೂ ಮೆಣಸಿನಕಾಯಿ ಎಂದು ಕರೆಯುವ ಹುಡುಗಿಗೆ ಹೊಟ್ಟೆ ಧಗಧಗ ಉರಿಯಿತು. ಆ ಆಶ್ರಯಧಾಮದಲ್ಲಿ ಪ್ರತಿಯೊಬ್ಬಳಿಗೂ ಒಂದು ಪೆಟ್ಟಿಗೆ, ಎರಡು ಕೀಲಿ. ಎರಡನೆಯದನ್ನು ನಂಬಿದ ಗೆಳತಿಗೆ ಕೊಡಬೇಕೆಂಬುದು ವಾರ್ಡನ್ ಅಕ್ಕ ಮಾಡಿದ ಪದ್ಧತಿ.

“ಮೂರು ವರ್ಷದಿಂದ ಒಂದೇ ತಟ್ಟೇಲಿ ಉಂಡಿದ್ದೀವಿ ಕಣೇ! ನಿನ್ನೆ ಮೊನ್ನೆ ಬಂದೋಳು ನಿಂಗೆ ಹೆಚ್ಚಾದ್ಲಾ?”

ಕುಳ್ಳಿ ಬಟ್ಟೆ ಮಡಚುತ್ತಲೇ ಹೇಳಿದಳು, “ಬಂದ ದಿನಾನೇ ಅವಳದ್ದು ನಂಗೆ ಕೊಟ್ಲು. ಅದಕ್ಕೇ ನಂದು ಅವಳಿಗೆ.”

“ನಂಗ್ಯಾಕೆ ಕೊಡ್ಲಿಲ್ಲ?”

ಕುಳ್ಳಿ ಈಗ ತಲೆ ಎತ್ತಿದಳು. “ಮೂರು ವರ್ಷ ಕಾದೆ. ನಿಂದು ಯಾರ ಹತ್ರ ಇದೆ, ಹೇಳು?”

ಮೆಣಸಿನಕಾಯಿ ಬಾಯಿ ತೆರೆದು ಮುಂದೆ ನುಗ್ಗಿದಳು. ಅವಳ ಕೊರಳಿನ ದಾರದಲ್ಲಿ ಅವಳ ಪೆಟ್ಟಿಗೆಯ ಎರಡೂ ಕೀಲಿಗಳು ಒಂದಕ್ಕೊಂದು ತಾಗಿ ಟಿಣ್ ಎಂದವು.