ಮೂವತ್ತನೆಯ ಅಭಿಪ್ರಾಯ

"ಏ ನಿಶಾ, ಈ ಹುಡುಗಿ ಸತ್ತ ಬಳಚು ಹೆಕ್ತದಲ್ಲೇ!"

ಮಗಳ ಸಹಪಾಠಿ ಸಂದೇಶ ಮುಂದೆ ಹಿಡಿದಿದ್ದ ಮೊಬೈಲಿಗೆ ಮೂಗು ತಾಗುವಷ್ಟು ಬಗ್ಗಿ ಗಂಗೆ ನಕ್ಕಳು. ನೀರು ಇಳಿದ ಹೊತ್ತಿಗೆ ಕೇಣಿಯ ಹಳ್ಳಕ್ಕೆ ಹೋದವಳು ಈಗಷ್ಟೇ ಮನೆಗೆ ಬಂದಿದ್ದಳು. ಮೊಣಕಾಲಿನವರೆಗೆ ಕೆಸರು, ಪಕ್ಕದಲ್ಲಿ ಹೆಕ್ಕಿ ತಂದ ಚಿಪ್ಪುಮೀನಿನ, ಅಂದರೆ ಬಳಚಿನ ಬುಟ್ಟಿ. ತಾಯಿಯ ನಗು ಕೇಳಿ ನಿಶಾ ಮೊಬೈಲಿನಿಂದ ಕಣ್ಣು ತೆಗೆದಳು.

'ಅಲೆಗಳ ಅರಸಿ' ಎಂಬ ಆ ಮೂರು ನಿಮಿಷದ ಹಾಡಿನ ವಿಡಿಯೋ ಮಾಡಿದ್ದು ಕಾರವಾರದ ಕಾಲೇಜಿನಲ್ಲಿ ಓದುವ ನಿಶಾ, ಸಂದೇಶರ ತಂಡ. ಮೂವತ್ತು ಪ್ರೇಕ್ಷಕರ ಅಭಿಪ್ರಾಯ ಬರೆಸಿ ತಂದರೆ ಇಪ್ಪತ್ತು ಅಂಕ. ಇಪ್ಪತ್ತೊಂಬತ್ತನ್ನು ಸಂದೇಶ ಕ್ಯಾಂಟೀನಿನಲ್ಲಿ ಕೂತು, ಒಂದು ಚಹಾ ಕುಡಿಯುವುದರೊಳಗೆ ತಾನೇ ಬರೆದು ಮುಗಿಸಿದ್ದ. ಪೆನ್ನು ಎರಡು ಬಣ್ಣ, ಅಕ್ಷರ ಮೂರು ಬಗೆ. ಪ್ರತಿ ಹಾಳೆಯ ಮೇಲೆ ಅವನೇ ಎಳೆದ ಮೂರು ಚೌಕ: ಉತ್ತಮ, ಅತ್ಯುತ್ತಮ, ಅದ್ಭುತ. ಅದಕ್ಕಿಂತ ಕೆಳಗೆ ಯಾರಿಗೂ ಜಾಗ ಇಟ್ಟಿರಲಿಲ್ಲ. ಆದರೆ ವೈಜಯಂತಿ ಮೇಡಂ ಪಟ್ಟು ಹಿಡಿದಿದ್ದರು: "ಬಳಚು ಹೆಕ್ಕುವವರ ಮೇಲೆ ಹಾಡು ಮಾಡಿದ್ದೀರಿ. ಅವರಲ್ಲೊಬ್ಬರಿಗಾದರೂ ತೋರಿಸಿ. ಸಹಿ ಬೇಕು, ಇಲ್ಲ ಹೆಬ್ಬೆಟ್ಟು."

"ಸತ್ತದ್ದಲ್ಲ ಆಂಟಿ, ಅದು ಸಿಂಬಾಲಿಕ್," ಎಂದ ಸಂದೇಶ.

"ಅದೆಂತದೋ ನಂಗೆ ಗೊತ್ತಿಲ್ಲ ತಮ್ಮಾ. ಜೀವ ಇದ್ದ ಬಳಚು ಕೈ ತಾಗಿದ ಕೂಡ್ಲೆ ಗಪ್ ಅಂತ ಬಾಯಿ ಮುಚ್ತದೆ. ಇದು ನೋಡು, ಆ ಅಂತ ಬಾಯಿ ಬಿಟ್ಕಂಡು ಬಿದ್ದದೆ. ಇದ್ನ ಬೇಯ್ಸಿ ಉಂಡವ್ರ ಹೊಟ್ಟೆ ಗತಿ ಎಂತ?"

ಪರದೆಯ ಮೇಲೆ ಅವರ ತಂಡದ ಚೈತ್ರಾ ಹೊಸ ಕೆಂಪು ಸೀರೆಯಲ್ಲಿ, ಸೊಂಟಮಟ್ಟ ನೀರಿನಲ್ಲಿ ನಿಂತು, ಮುಳುಗುವ ಸೂರ್ಯನ ಕಡೆಗೆ ಬೊಗಸೆ ಬೊಗಸೆ ಚಿಪ್ಪು ಎರಚುತ್ತಿದ್ದಳು.

"ಹೆಕ್ಕಿದ್ದನ್ನ ಬಿಸಾಡೂದ್ಯಾಕೆ?" ಗಂಗೆಗೆ ನಗು ತಡೆಯಲಾಗಲಿಲ್ಲ. "ಮತ್ತೆ ಇಷ್ಟು ಭರತಿ ಬಂದಾಗ ಬಳಚು ಎಲ್ಲಿ ಸಿಕ್ತದೆ? ನೀರು ಇಳ್ದು ನೆಲ ಕಂಡ್ರೆ ಅಲ್ದಾ ಕೆದಕೂದು? ಇವ್ಳು ಹೆಕ್ಕೂಕೆ ಹೋದದ್ದಲ್ಲ, ಮೀಯೂಕೆ ಹೋದದ್ದು." ಮತ್ತೆ ಕಣ್ಣು ಕಿರಿದು ಮಾಡಿ ನೋಡಿದಳು. "ಹೌದನೇ ನಿಶಾ, ಆ ಚಿಪ್ಪು ನಮ್ಮ ಬಚ್ಚಲ ಹಿಂದಿನ ರಾಶೀದಲ್ದಾ?"

ನಿಶಾ ನೆಲ ನೋಡಿದಳು. ಸುಣ್ಣ ಸುಡುವವರಿಗೆಂದು ಅವ್ವಿ ಕೂಡಿಟ್ಟಿದ್ದ ಚಿಪ್ಪನ್ನು ಚೀಲಕ್ಕೆ ತುಂಬಿ ಕಾರವಾರಕ್ಕೆ ಹೊತ್ತುಕೊಂಡು ಹೋದವಳು ಅವಳೇ. ಬಾಯಿ ಬಿಟ್ಟ ಚಿಪ್ಪನ್ನು ಯಾರೂ ಹೆಕ್ಕುವುದಿಲ್ಲ, ನೀರು ಇಳಿಯುವವರೆಗೆ ಕಾಯೋಣ ಎಂದು ಶೂಟಿಂಗಿನ ದಿನ ಒಮ್ಮೆ ಹೇಳಿದ್ದಳು. "ಪ್ರೇಕ್ಷಕರಿಗೆ ಅದೆಲ್ಲ ಎಲ್ಲಿ ಗೊತ್ತಾಗ್ತದೆ ಮಾರಾಯ್ತಿ!" ಎಂದು ಸಂದೇಶ ಕೈ ಬೀಸಿದ್ದ. ಅವನಿಗೆ ಬೇಕಿದ್ದದ್ದು ಸಂಜೆಯ ಬೆಳಕು. ನಿಶಾ ಎರಡನೆಯ ಸಲ ಹೇಳಿರಲಿಲ್ಲ.

ಈಗಲೂ ಅವನು "ಹೂಂ ಆಂಟಿ, ಹೌದು ಆಂಟಿ" ಎನ್ನುತ್ತಲೇ ಹಾಳೆಯ ಮೇಲೆ ಪೆನ್ನಾಡಿಸಿದ. ಗಂಗೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಪೆನ್ನಿನ ಟೊಪ್ಪಿಗೆ ಹಾಕಿಯೂ ಆಗಿತ್ತು.

"ನಿಶಾ, ಹೆಬ್ಬೆಟ್ಟು ಒತ್ತಿಸ್ಕೊ. ಶಾಯಿ ಪ್ಯಾಡ್ ಮರ್ತು ಬಂದೆ, ಪೆನ್ನಿನ ಶಾಯೀನೇ ಹಚ್ಚು. ನಾನು ದೋಣಿ ಹತ್ರ ಒಂದು ರೀಲ್ಸ್ ಮಾಡ್ಕೊಂಡು ಬರ್ತೆ," ಎಂದು ತಲೆಗೂದಲು ಸರಿಮಾಡಿಕೊಳ್ಳುತ್ತ ಹೊರಟ.

ಗಂಗೆ ಮಗಳತ್ತ ತಿರುಗಿದಳು. "ಅವ ಎಂತ ಬರ್ದ? ಓದು, ಕೇಳ್ವಾ."

ಕೊನೆಯ ಚೌಕದಲ್ಲಿ ಒಂದು ಗುರುತು. ಅದರ ಕೆಳಗೆ, 'ನಿಮ್ಮ ಮಾತಿನಲ್ಲಿ ಹೇಳಿ' ಎಂಬಲ್ಲಿ ಒಂದೇ ಪದ: ಅದ್ಭುತ.

ನಿಶಾ ಹಾಳೆ ಎತ್ತಿಕೊಂಡಳು. ಆ ಪದದ ಕೆಳಗೆ ಬೆರಳಿಟ್ಟು ಓದತೊಡಗಿದಳು: "ಬಾಯಿ ಬಿಟ್ಟ ಬಳಚನ್ನು ಯಾರೂ ಹೆಕ್ಕುವುದಿಲ್ಲ. ಭರತಿಯ ನೀರಿನಲ್ಲಿ ಬಳಚು ಸಿಗುವುದಿಲ್ಲ. ಹೆಕ್ಕಿದ್ದನ್ನು ಬಿಸಾಡುವುದು ಸರಿಯಲ್ಲ. ಈ ಹುಡುಗಿ ಮೀಯಲು ಹೋಗಿದ್ದಾಳೆ..."

ಗಂಗೆ ಪೂರ್ತಿ ಕೇಳಿದಳು. ಆಮೇಲೆ ಮಗಳ ಬೆರಳನ್ನು ಮೆಲ್ಲಗೆ ಸರಿಸಿ, ಆ ಪದದ ಪಕ್ಕ ತನ್ನ ಬೆರಳಿಟ್ಟು ಅಳೆದಳು. ಒಂದು ಗೆಣ್ಣಿನಷ್ಟೂ ಉದ್ದವಿರಲಿಲ್ಲ.

"ನಾ ಹೇಳದ್ದೆಲ್ಲ ಇಷ್ಟರೊಳ್ಗೆ ಹಿಡೀತಾ? ಕಾಲೇಜಿನ ಅಕ್ಷರದ ಹೊಟ್ಟೆ ಬಾಳ ದೊಡ್ಡದು ಮಾರಾಯ್ತಿ."

ನಿಶಾಳ ಕಣ್ಣು ತುಂಬಿತು. "ಅವ್ವಿ, ಅದು..."

"ಇರ್ಲಿ ಬಿಡು. ಇಪ್ಪತ್ತು ಮಾರ್ಕು ಅಂದ್ಯಲ್ದಾ? ತಾ ಇತ್ಲಾಗೆ."

ಪೆನ್ನು ಮುಟ್ಟಲಿಲ್ಲ ಗಂಗೆ. ಮೊಣಕಾಲಿನ ಕೆಸರಿಗೆ ಹೆಬ್ಬೆರಳು ಅದ್ದಿದಳು. ಹೆಬ್ಬೆಟ್ಟಿಗೆಂದು ಬಿಟ್ಟ ಜಾಗವನ್ನು ಕಣ್ಣೆತ್ತಿಯೂ ನೋಡದೆ ನೇರ ಆ ಪದದ ಮೇಲೆ ಊರಿ, ಕೆಸರಿನಲ್ಲಿ ಬಳಚು ಹುಡುಕುವವಳಂತೆ ಆಚೀಚೆ ತಿರುವಿದಳು. ಮತ್ತೆ ಬುಟ್ಟಿ ಎತ್ತಿಕೊಂಡು ಬಾವಿಕಟ್ಟೆಗೆ ನಡೆದಳು.

ಮರಳಿ ಬಂದ ಸಂದೇಶ ಹಾಳೆ ನೋಡಿ ಹೌಹಾರಿದ. "ಅಯ್ಯಯ್ಯೋ, ಇದೆಂತ ಕೆಸರು? ಬರ್ದದ್ದೇ ಕಾಣೂದಿಲ್ವಲ್ಲೇ!" ಎಂದು ಕರವಸ್ತ್ರ ತೆಗೆದ.

ಒರೆಸಲು ಬಂದ ಅವನ ಕೈಯನ್ನು ನಿಶಾ ತಡೆದಳು. ಹಾಳೆಯನ್ನು ಕಿತ್ತುಕೊಂಡು, ಉಳಿದ ಇಪ್ಪತ್ತೊಂಬತ್ತರ ಮೇಲೆ, ಎಲ್ಲಕ್ಕೂ ಮೊದಲು ಕಾಣುವ ಹಾಗೆ ಇಟ್ಟಳು.

"ಕೆಸರಲ್ಲ ಅದು," ಎಂದಳು. "ಪ್ರೇಕ್ಷಕರ ಅಭಿಪ್ರಾಯ."